ಕಟ್ಟೆಬಾಗಿಲಲ್ಲಿ ನಾಗಿಯ ಎರಡು ಮಸಿಕಡ್ಡಿ

ಬೊಮ್ಮು ಗೌಡನಿಗೆ ಕೊಡಬೇಕಾದ ಆರು ಚೀಲ ಭತ್ತ ಇನ್ನೂ ಬಾಕಿ ಇದೆ. ಇದು ಯಾರೋ ಕನಿಕರಪಟ್ಟು ಕೊಡುವ ದಾನವಲ್ಲ. ಅಂಕೋಲೆ ಕಡೆಯ ಒಂದು ಗಜನಿ ಗದ್ದೆಯ ಕಟ್ಟೆಬಾಗಿಲನ್ನು ಇಡೀ ಮಳೆಗಾಲ ಕಾದದ್ದಕ್ಕೆ ಊರು ಅಳೆಯಬೇಕಾದ ಕೂಲಿ. ಅವನು ಕಾದದ್ದು ಹೌದು ಎಂದು ಊರೇ ಒಪ್ಪುತ್ತದೆ. ಭತ್ತ ಮಾತ್ರ ಎರಡು ಕೊಯ್ಲು ಕಳೆದರೂ ಅವನ ಜಗುಲಿ ಹತ್ತಿಲ್ಲ. ಬೊಮ್ಮು ಬಾಯಿಬಿಟ್ಟು ಕೇಳುವವನಲ್ಲ. ಕೇಳುವವಳು ಅವನ ತಂಗಿ ನಾಗಿ. ಅವಳು ಕೇಳುವ ರೀತಿ ಊರಿಗೆ ಹಿಡಿಸುವುದಿಲ್ಲ. ಹಿಡಿಸಲಿ ಎಂದು ಅವಳೂ ಕೇಳುತ್ತಿಲ್ಲ.

ನಾಗಿಗೆ ಈಗ ನಲವತ್ತೇಳು. ಹುಟ್ಟಿದ್ದು ಅರ್ಗಾದಲ್ಲಿ. ನೌಕಾನೆಲೆಗೆ ಜಾಗ ಬಿಟ್ಟು ಎದ್ದ ಮನೆಗಳಲ್ಲಿ ಅವಳ ಮನೆಯೂ ಒಂದು. ಅಪ್ಪ ಹೆಂಚು, ಬಾಗಿಲು, ಒರಳುಕಲ್ಲು ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಹೆಂಡತಿಯ ತವರಿನ ಗಜನಿಯಂಚಿಗೆ ಬಂದ. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನಾಗಿ ಗದ್ದೆ ಕೂಲಿ ಮಾಡಿದಳು, ರಸ್ತೆಗೆ ಜಲ್ಲಿ ಹೊತ್ತಳು, ಗಂಡ ಸತ್ತ ಮೇಲೆ ಕಾರವಾರದ ಕೋಡಿಬಾಗದಲ್ಲಿ ಒಂದು ಖೋಲಿ ಹಿಡಿದು ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಸೇರಿದಳು. ಹದಿಮೂರು ವರ್ಷವಾಯಿತು. ಹಾಜರಿ ಪುಸ್ತಕದಲ್ಲಿ ಅವಳು ಇಂದಿಗೂ ಕಸ ಗುಡಿಸುವವಳು.

ಕಸ ಗುಡಿಸಿಯೇ ಅವಳು ಕಲಿತದ್ದು. ಹುಡುಗರು ಆನ್‌ಲೈನಿನಲ್ಲಿ ಮೂವತ್ತೇಳು ಸೆನ್ಸರುಗಳ ಪೆಟ್ಟಿಗೆ ತರಿಸುತ್ತಾರೆ. ಅದರಲ್ಲಿ ಹತ್ತು ಯಾತಕ್ಕೆಂದು ಗೊತ್ತಿರುತ್ತದೆ, ಉಳಿದವು ಸುಟ್ಟೋ ಮುರಿದೋ ಬೆಂಚಿನ ಕೆಳಗೆ ಬೀಳುತ್ತವೆ. ನಾಗಿ ಅವನ್ನು ಹೆಕ್ಕಿ ಉಪ್ಪಿನಕಾಯಿ ಡಬ್ಬಿಗಳಲ್ಲಿ ಬೇರೆಬೇರೆ ಮಾಡಿ ಇಟ್ಟಳು. ಇದು ಯಾಕೆ ಸತ್ತಿತು ಎಂದು ಪ್ರತಿಯೊಂದಕ್ಕೂ ಕೇಳಿದಳು. ಪಾಠ ಹೇಳುವವರು ಸೆನ್ಸರು ಏನೇನು ಮಾಡುತ್ತದೆ ಎಂದು ಹೇಳುತ್ತಿದ್ದರು. ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು ನಾಗಿಯ ಡಬ್ಬಿಗಳಲ್ಲಿತ್ತು.

ಬೈತಖೋಲದ ಮೀನುಗಾರರ ಮನೆಯ ಹುಡುಗಿ ಪ್ರೇಕ್ಷಾ ಮೂರನೇ ವರ್ಷದಲ್ಲಿದ್ದಳು. ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿಯೊಂದನ್ನು ಮಾಡಿ, ಒಂದು ದಿನ ಅಳುಮುಖ ಹೊತ್ತು ಬಂದಳು.

"ಮೌಶಿ, ಲ್ಯಾಬಲ್ಲಿ ಸರಿ ಓಡ್ತದೆ. ಅಂಗಳಕ್ಕೆ ತಂದ್ರೆ ಹುಚ್ಚು ಹಿಡ್ದಂಗೆ ತಿರುಗ್ತದೆ."

"ಬಿಸಿಲಲಾ, ಅದ್ಕೆ. ಅದು ನೋಡೂದು ನಮ್ಮ ಕಣ್ಣಿಗೆ ಕಾಣದ್ದ ಬೆಳಕು. ಬಿಸಿಲಲ್ಲಿ ಆ ಬೆಳಕು ರಾಶಿ ಅದೆ. ತಾ ಬಿಟ್ಟ ಬೆಳಕು ಯಾವ್ದು, ಬಿಸಿಲಿಂದು ಯಾವ್ದು, ಅದ್ಕೆ ತಿಳೂದಿಲ್ಲ. ಗಾಡಿಗೆ ಸುತ್ತ ಕಪ್ಪು ರಟ್ಟಿನ ಲಂಗ ಹೊಲಿ, ನೆಲ ಮುಟ್ಟೂ ಹಂಗೆ."

"ರೋಬೋಟಿಗೆ ಲಂಗವಾ?"

"ನಾಚ್ಕೆ ಆದ್ರೆ ಲುಂಗಿ ಉಡ್ಸು."

ಲಂಗ ಉಡಿಸಿದ ಗಾಡಿ ಅಂಗಳದಲ್ಲೂ ಓಡಿತು. ಅಂದಿನಿಂದ ಪ್ರೇಕ್ಷಾ ಸೆನ್ಸರ್ ಕೊಳ್ಳುವ ಮೊದಲು ನಾಗಿಯ ಹತ್ತಿರ ಬರತೊಡಗಿದಳು. ಅವಳ ಹಿಂದೆ ಇನ್ನು ಕೆಲವರು ಬಂದರು. ಬೆಲೆ ಎಷ್ಟು, ಅಂಗಡಿಯ ಪುಟದಲ್ಲಿ ಎಷ್ಟು ನಕ್ಷತ್ರ ಎಂದು ನಾಗಿ ಕೇಳುತ್ತಿರಲಿಲ್ಲ. ಇದನ್ನು ಮುಟ್ಟುವುದು ಏನು, ಬಿಸಿಲೋ, ಉಪ್ಪುಗಾಳಿಯೋ, ಬೆವರುಗೈಯೋ ಎಂದು ಕೇಳುತ್ತಿದ್ದಳು. ಮೈಶಾಖಕ್ಕೆ ಎಚ್ಚರಾಗುವ ಬಿಳಿ ಗುಮ್ಮಟದ ಸೆನ್ಸರು ಬೇಕೆಂದು ಬಂದವನಿಗೆ, "ನಿಂಗೆ ಬಾಗ್ಲಲ್ಲಿ ನಿಂತವ್ರು ಕಾಣ್ಬೇಕಾ, ಬಂದವ್ರು ಕಾಣ್ಬೇಕಾ? ಅಲುಗಾಡದೆ ನಿಂತವ್ರು ಅದ್ಕೆ ಕಾಣೂದಿಲ್ಲ," ಎಂದು ಹೇಳಿ ಕಳಿಸಿದ್ದಳು. ಎಲ್ಲ ಕೇಳಿದ ಮೇಲೆ ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಇದು ಸತ್ತಾಗ ಎಂತ ಹೇಳ್ತದೆ? ಸತ್ತೆ ಅಂತದಾ, ಎಲ್ಲ ಚೊಲೋ ಅದೆ ಅಂತದಾ?"

ಆ ಪ್ರಶ್ನೆಯನ್ನು ಕಿಶನ ಸರ್ ಕೇಳಿಸಿಕೊಂಡಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಿಶನ ಲ್ಯಾಬಿನ ಮುಖ್ಯಸ್ಥ. ಮೂವತ್ತೆರಡರ ಪ್ರಾಯ, ನಲವತ್ತೇಳರ ನಾಗಿಯನ್ನು ನೀನು ಎನ್ನುವ ಪೈಕಿ. ಕೆಟ್ಟವನಲ್ಲ. ಬಹುಮಾನದ ಆಸೆಯವನು. ಎಲ್ಲೋ ಒಂದು ಸ್ಪರ್ಧೆಗೆ 'ರೈತರಿಗಾಗಿ ಜಾಣ ಯಂತ್ರ' ಬೇಕಾಗಿತ್ತು. ಗಜನಿಯ ಕಟ್ಟೆಬಾಗಿಲಿಗೆ ಎಚ್ಚರಿಕೆ ಕೊಡುವ ಯಂತ್ರ ಮಾಡೋಣ ಎಂದ. ಯಾವ ಗಜನಿ? ನಾಗಿ ಊರಿಂದು ಹತ್ತಿರ ಇದೆಯಲ್ಲ, ಅದೇ.

ಗಜನಿ ಎಂದರೆ ಹೊಳೆ ಸಮುದ್ರ ಸೇರುವಲ್ಲಿಯ ತಗ್ಗು ಗದ್ದೆ. ಮಳೆಗಾಲದಲ್ಲಿ ಕಗ್ಗದ ಭತ್ತ, ಬೇಸಿಗೆಯಲ್ಲಿ ಉಪ್ಪುನೀರು, ಸಿಗಡಿ. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಗೆ ಹಲಗೆಗಳ ಬಾಗಿಲು, ಊರ ಮಾತಿನಲ್ಲಿ ಜಂತ್ರಡಿ. ಹಲಗೆ ಎತ್ತಿದರೆ ಗದ್ದೆಯ ಹೆಚ್ಚಿನ ನೀರು ಹೊಳೆಗೆ ಹೋಗುತ್ತದೆ. ಹೊತ್ತು ನೋಡಿ ಇಳಿಸದಿದ್ದರೆ ಹೊಳೆಯ ಉಪ್ಪು ಗದ್ದೆಗೆ ಬರುತ್ತದೆ. ಕಗ್ಗ ಉಪ್ಪು ತಡೆಯುವ ಭತ್ತವೇ ಹೌದು. ಆದರೆ ತೆನೆ ಹಾಲು ತುಂಬುವ ಹೊತ್ತಿಗೆ ಉಪ್ಪು ಬಂದು ವಾರ ನಿಂತರೆ ಕಗ್ಗವೂ ಜೊಳ್ಳು.

ಲ್ಯಾಬಿನ ಬೆಂಚಿನ ಮೇಲೆ ಸೆನ್ಸರುಗಳನ್ನು ಹರವಿಕೊಂಡು ಆರಿಸುವ ದಿನ ನಾಗಿ ಪೊರಕೆ ಹಿಡಿದು ಅಲ್ಲೇ ಇದ್ದಳು. ಕಿಶನ ಎರಡು ಕಣ್ಣಿನ ಸೆನ್ಸರನ್ನು ಎತ್ತಿಕೊಂಡ. ಒಂದು ಕಣ್ಣು ಕಿವಿಗೆ ಕೇಳದ ಸದ್ದು ಹೊಡೆಯುತ್ತದೆ, ಇನ್ನೊಂದು ಅದರ ಮಾರ್ದನಿ ಹಿಡಿಯುತ್ತದೆ. ಎಷ್ಟು ಹೊತ್ತಿಗೆ ಮರಳಿತು ಎಂಬುದರ ಮೇಲೆ ನೀರು ಎಷ್ಟು ಕೆಳಗಿದೆ ಎಂದು ಲೆಕ್ಕ.

"ಸರ್, ಒಂದ್ ಮಾತು," ಎಂದಳು ನಾಗಿ. "ಗಜನಿಗೆ ಬೇಕಾದ್ದು ಎತ್ತರ ಅಲ್ಲ, ಉಪ್ಪು. ಎತ್ತರ ನೋಡೂಕೆ ಒಂದು ಕೋಲು ಸಾಕು."

"ಭರತಿ ಬಂದ್ರೆ ನೀರು ಏರುತ್ತೆ, ಏರಿದ್ರೆ ಉಪ್ಪು ಬರುತ್ತೆ. ಎತ್ತರ ಗೊತ್ತಾದ್ರೆ ಉಪ್ಪೂ ಗೊತ್ತಾದ ಹಾಗೆ ಅಲ್ವಾ ನಾಗಿ?"

"ಮಳೆ ಇದ್ದಾಗ ಭರತಿಗೂ ಸಿಹಿನೀರೇ ಏರ್ತದೆ ಸರ್. ಮಳೆ ನಿಂತು ಎಂಟು ದಿವ್ಸ ಆದ್ರೆ ಉಪ್ಪುನೀರು ಹೊಳೆ ತಳದಲ್ಲಿ ತೆವಳ್ಕಂಡು ಬತ್ತದೆ. ಮೇಲೆ ಸಿಹಿ, ಅಡಿಗೆ ಉಪ್ಪು. ಎತ್ತರ ಒಂದು ಬೆರಳೂ ಹೆಚ್ಚಾಗೂದಿಲ್ಲ."

"ಉಪ್ಪಿನ ಸೆನ್ಸರ್ ನೀರಲ್ಲೇ ಮುಳುಗಿರ್ಬೇಕು. ತುಕ್ಕು, ಪಾಚಿ, ವಾರಕ್ಕೊಮ್ಮೆ ಯಾರಾದ್ರೂ ತೊಳೀಬೇಕು. ಇದು ನೀರನ್ನ ಮುಟ್ಟೋದೇ ಇಲ್ಲ. ಯಾರೂ ಬೇಡ."

"ಮುಟ್ಟದ್ದೆ ರುಚಿ ಹ್ಯಾಂಗೆ ತಿಳೀತದೆ ಸರ್?"

ಹಿಂದಿನಿಂದ ಒಬ್ಬ ಹುಡುಗ, "ಮೌಶಿನೇ ಮುಳುಗ್ಸಿಡೋಣ ಸರ್, ತುಕ್ಕು ಹಿಡಿಯೂದಿಲ್ಲ," ಎಂದ. ಲ್ಯಾಬು ನಕ್ಕಿತು. ಪ್ರೇಕ್ಷಾ ನಗಲಿಲ್ಲ, ಆದರೆ ಬಾಯನ್ನೂ ಬಿಡಲಿಲ್ಲ. ನಾಗಿ ಪೊರಕೆ ಎತ್ತಿಕೊಂಡು ಪಕ್ಕದ ಖೋಲಿಗೆ ಹೋದಳು. 'ಯಾರೂ ಬೇಡ' ಎಂಬ ಆ ಮಾತು ಅವಳ ಹಿಂದೆಯೇ ಹೋಯಿತು. ಆ 'ಯಾರೂ' ಎಂಬವನು ಅವಳ ಅಣ್ಣ.

ಬೊಮ್ಮು ಆ ಬಾಗಿಲನ್ನು ಅಪ್ಪನ ಕಾಲದಿಂದ ಕಾದವನು. ಅವನ ಕಾವಲಿನ ಕ್ರಮವನ್ನು ನೋಡಿದವರಿಗೇ ಗೊತ್ತು. ಇಡೀ ತೆಂಗಿನ ಕರಟ, ಒಂದೇ ಒಂದು ಕಣ್ಣು ತೂತು, ಅದಕ್ಕೊಂದು ಬೆಣೆ, ಬೆಣೆಗೊಂದು ದಾರ. ಬಿದಿರ ಗಳಕ್ಕೆ ಕಟ್ಟಿ ಹೊಳೆಯ ತಳ ಮುಟ್ಟಿಸಿ ದಾರ ಎಳೆದರೆ ಬೆಣೆ ಕಳಚಿ ತಳದ ನೀರೇ ಒಳಗೆ ತುಂಬುತ್ತದೆ. ಮೇಲಿನ ನೀರು ಸಾಕ್ಷಿಗೆ ಬರುವುದಿಲ್ಲ. ಆ ನೀರನ್ನು ಬಾಯಿಗೆ ಹಾಕಿಕೊಂಡು, ನಾಲಗೆಯ ಬದಿಗೆ ತಂದು, ಉಗುಳುತ್ತಾನೆ. ನೀರು ನೋಡುವ ತನಕ ಬೀಡಿ ಇಲ್ಲ, ಕವಳ ಇಲ್ಲ, ಚಾ ಇಲ್ಲ. ಆಮೇಲೆ ಹಲಗೆ ಎತ್ತಬೇಕೋ ಇಳಿಸಬೇಕೋ ಹೇಳುತ್ತಾನೆ. ಇದಕ್ಕೆ ವರ್ಷಕ್ಕೆ ಆರು ಚೀಲ. ಕಾವಲಿನ ಪಾಲು ತಿನ್ನುವವನು, ಅವನು ಕರೆದ ಜೊತೆಗಾರ ಮಾತ್ರ ಹಲಗೆ ಮುಟ್ಟಬೇಕು ಎಂಬುದು ಆ ಗಜನಿಯ ಕಟ್ಟುಪಾಡು. ತಂತಮ್ಮ ಗದ್ದೆಗೆ ಬೇಕಾದ ಹಾಗೆ ಕಂಡಕಂಡವರು ಹಲಗೆ ಎತ್ತಿ ಜಗಳವಾಗದಿರಲಿ ಎಂದು ಹಿಂದಿನವರು ಮಾಡಿದ್ದು.

ಜೂನಿನಲ್ಲಿ ಕಾಲೇಜಿನವರು ಬಂದು ಕಂಬ ನೆಟ್ಟರು. ಸೋಲಾರ್ ತಟ್ಟೆ, ಡಬ್ಬಿ, ಕೆಳಮುಖವಾಗಿ ಎರಡು ಕಣ್ಣು. ನೀರು ಏರಿದರೆ ಗಜನಿ ಸಮಿತಿಯ ಅಧ್ಯಕ್ಷ ತಿಮ್ಮುವಿನ ಫೋನಿನಲ್ಲಿ ಕೆಂಪು, ಇಲ್ಲವಾದರೆ ಹಸಿರು. ಫೋಟೋ ತೆಗೆದರು. ಶೀರಾ ತಿಂದರು. ತಿಮ್ಮು ಬೊಮ್ಮುವನ್ನು ಬದಿಗೆ ಕರೆದು, "ಇನ್ನು ನೀನು ಚಳಿಯಲ್ಲಿ ಕೂಡ್ಬೇಕಂತಿಲ್ಲ ಮಾರಾಯ, ಆರಾಮ ಮಾಡು. ಕೆಂಪು ಬಂದ್ರೆ ನನ್ನ ಮಕ್ಕಳೇ ಹಲಗೆ ಇಳ್ಸ್ತ್ರು," ಎಂದ. ಹಿಂದಿನ ವರ್ಷದ ಆರು ಚೀಲ ಆಗಲೇ ಬಾಕಿ ಇತ್ತು. ಅದರ ಮಾತು ಎತ್ತಲಿಲ್ಲ. ಬೊಮ್ಮು ಕರಟವನ್ನು ಹೆಂಚಿನ ಮಾಡಿನ ಸಂದಿಗೆ ಸಿಕ್ಕಿಸಿ ಬೈತಖೋಲದ ಬಂದರಿಗೆ ಮೂಟೆ ಹೊರುವುದಕ್ಕೆ ಹೋದ. ವಾರಕ್ಕೊಮ್ಮೆ ಮನೆ.

ಸ್ಪರ್ಧೆಯಲ್ಲಿ ಬಹುಮಾನ ಬಂತು. ಕಾಲೇಜಿನ ಗೇಟಿಗೆ ಬ್ಯಾನರು ಕಟ್ಟಿದರು. ಅದನ್ನು ಕಟ್ಟಲು ಸ್ಟೂಲು ಹಿಡಿದು ನಿಂತವಳೂ ನಾಗಿಯೇ.

ಸೆಪ್ಟೆಂಬರಿನಲ್ಲಿ ಮಳೆ ನಿಂತಿತು. ಹತ್ತು ದಿನ ಒಂದು ಹನಿ ಇಲ್ಲ. ಭಾನುವಾರ ನಾಗಿ ಊರಿಗೆ ಹೋದವಳು ಕಟ್ಟೆಯ ಮೇಲೆ ಹಾಯುವಾಗ ಹಲಗೆ ಎತ್ತಿಯೇ ಇರುವುದನ್ನು ನೋಡಿದಳು. ಮನೆಗೆ ಓಡಿ ಕರಟ ತಂದು ಅಣ್ಣನ ಹಾಗೆಯೇ ತಳದ ನೀರು ತೆಗೆದು ಬಾಯಿಗೆ ಹಾಕಿದಳು. ಉಗುಳಿದಳು. ಸೀದಾ ತಿಮ್ಮುವಿನ ಮನೆ.

"ತಿಮ್ಮಣ್ಣ, ಉಪ್ಪು ಒಳಗೆ ಹೋಗ್ತಾ ಅದೆ. ಹಲಗೆ ಇಳ್ಸು."

ತಿಮ್ಮು ಊಟಕ್ಕೆ ಕೂತಿದ್ದ. ಎಡಗೈಯಿಂದ ಫೋನು ತಿರುಗಿಸಿ ತೋರಿಸಿದ. "ನೋಡು. ಹಸಿರು ಅದೆ."

"ನಿನ್ನ ಹಸಿರಿಗೆ ಬೆಂಕಿ ಬಿತ್ತು. ನೀರು ಬಾಯಿಗೆ ಹಾಕಿ ನೋಡು."

"ನಿಮ್ಮ ಕಾಲೇಜಿನವ್ರೇ ಇಟ್ಟ ಯಂತ್ರ ಅಲ್ದ್ಯಾ? ಈಗ ಇಳ್ಸಿದ್ರೆ ಒಳಗಿನ ನೀರು ಹೋಗೂದಿಲ್ಲ, ಗದ್ದೆ ಕೊಳೀತದೆ. ಕೆಂಪು ಬರ್ಲಿ."

ನಾಗಿ ಮನೆಗೆ ಬಂದಳು. ಬೊಮ್ಮು ಇನ್ನೂ ಜಗುಲಿಯಲ್ಲೇ ಕೂತಿದ್ದ. ಅವನೂ ಬೆಳಿಗ್ಗೆ ಬಸ್ಸಿಳಿದವನು ಕಟ್ಟೆಯ ಗದ್ದೆಬದಿಗೆ ಬಗ್ಗಿ, ಒಳಗೆ ಬಂದ ನೀರನ್ನು ಬೊಗಸೆಯಲ್ಲಿ ಬಾಯಿಗೆ ಹಾಕಿಯೇ ಬಂದಿದ್ದ.

"ಗೊತ್ತಿತ್ತಾ ನಿಂಗೆ?"

"ಹ್ಞೂಂ."

"ಮತ್ತೆ ಸುಮ್ನೆ ಕೂತಿಯಲಾ ಅಣ್ಣ. ಏಳು. ಇಬ್ರೂ ಕೂಡಿ ಇಳ್ಸ್ವ."

"ಪಾಲಿಲ್ದವ ಹಲಗೆ ಮುಟ್ಟೂದಲ್ಲ."

"ಗದ್ದೆ ಸಾಯ್ತದೆ."

"ಪಾಲು ತೆಗ್ದವ್ರು ನೋಡ್ಕಂತ್ರು."

ಒದ್ದೆಯಾದ ಹಲಗೆ ಒಬ್ಬರಿಗೆ ಏಳುವುದಲ್ಲ, ಇಳಿಯುವುದೂ ಅಲ್ಲ. ನಾಗಿ ಒಬ್ಬಳೇ ಹೋಗಿ ಎಳೆದಳು. ಹಲಗೆ ಅಡ್ಡಲಾಗಿ ಸಿಕ್ಕಿತು, ಅವಳ ಹೆಬ್ಬೆರಳಿನ ಉಗುರು ಕಿತ್ತು ಬಂತು. ಸಂಜೆ ಬಸ್ಸಿಗೆ ಹೊರಡುವಾಗ ಅಣ್ಣನ ಜೊತೆ ಮಾತಾಡಲಿಲ್ಲ. ಆ ದಿನ ಅವನು ಕೈಕಟ್ಟಿ ಕೂತದ್ದಕ್ಕೆ ಅವಳಿಗೆ ಇಂದಿಗೂ ಸಿಟ್ಟಿದೆ. ನನಗೂ ಇದೆ. ಕಟ್ಟುಪಾಡಿಗಿಂತ ಭತ್ತ ದೊಡ್ಡದು. ಆದರೆ ಆ ಕಟ್ಟುಪಾಡನ್ನು ಮೊದಲು ಮುರಿದವರು ಯಾರು ಎಂಬುದನ್ನೂ ಜೊತೆಗೇ ಕೇಳಬೇಕು.

ಫೋನು ಎಂಟು ದಿನ ಹಸಿರಾಗಿಯೇ ಇತ್ತು. ಒಂಬತ್ತನೇ ದಿನ ಗದ್ದೆ ಹಳದಿಗೆ ತಿರುಗಿತು. ಕೊಯ್ದಾಗ ತೆನೆ ಹಗುರ, ತೂರಿದರೆ ಗಾಳಿಯಲ್ಲಿ ಹೋಗುವಂಥದ್ದು. ನಲವತ್ತು ಮನೆಯ ಅನ್ನ.

ಕಿಶನ ಬಂದು ಡಬ್ಬಿ ಬಿಚ್ಚಿದ. ಸೆನ್ಸರಿನ ಒಂದು ಕಾಲು ಉಪ್ಪುಗಾಳಿಗೆ ಕರಗಿಹೋಗಿತ್ತು. ಕಣ್ಣಿನಲ್ಲಿ ಜೇಡ ಗೂಡು ಕಟ್ಟಿತ್ತು. ಮಾರ್ದನಿ ಬರದಿದ್ದರೆ ನೀರು ತುಂಬ ಕೆಳಗಿದೆ ಎಂದು ತಿಳಿ ಅಂತ ಅವರೇ ಯಂತ್ರಕ್ಕೆ ಬರೆದುಕೊಟ್ಟಿದ್ದರು. ಸೆನ್ಸರು ಸತ್ತಿತ್ತು, ಫೋನು ಎಲ್ಲ ಚೊಲೋ ಅದೆ ಅನ್ನುತ್ತಿತ್ತು. ಬದುಕಿದ್ದರೂ ಅದು ನೋಡುತ್ತಿದ್ದದ್ದು ಎತ್ತರ, ಬಂದದ್ದು ಉಪ್ಪು. ಕಿಶನ ಸಮಿತಿಗೆ, "ಇದು ಪ್ರಾಯೋಗಿಕ ಯಂತ್ರ, ಕಾವಲನ್ನ ತೆಗೀರಿ ಅಂತ ನಾವು ಹೇಳಿರ್ಲಿಲ್ಲ," ಎಂದು ಕಾರು ಹತ್ತಿದ. ಸಮಿತಿ ತಿರುಗಿ ಬೊಮ್ಮುವಿನ ಕಡೆ ನೋಡಿತು. ಗೊತ್ತಿದ್ದೂ ಇಳಿಸಲಿಲ್ಲ, ಹೊಟ್ಟೆಕಿಚ್ಚಿಗೆ ಊರು ಕೆಡಿಸಿದ ಎಂದಿತು. ಅವನ ಬಾಕಿ ಆರು ಚೀಲ ನಷ್ಟಕ್ಕೆ ವಜಾ. ಕಂಬ ಆರಿಸಿದವನಿಗೆ ಬಹುಮಾನ ಉಳಿಯಿತು, ಕಂಬ ನಂಬಿದವನಿಗೆ ಅಧ್ಯಕ್ಷಗಿರಿ ಉಳಿಯಿತು. ಬೊಮ್ಮುವಿಗೆ ಊರು ಕೆಡಿಸಿದವ ಎಂಬ ಹೆಸರು ಬಂತು.

ನಾಗಿ ಒಂದು ವಾರ ತನ್ನ ಉಪ್ಪಿನಕಾಯಿ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಳು. ಆಮೇಲೆ ಹಳೆಯ ಬ್ಯಾಟರಿಯ ಸೆಲ್ಲುಗಳನ್ನು ಒಡೆದು ಒಳಗಿನ ಇಂಗಾಲದ ಮಸಿಕಡ್ಡಿಗಳನ್ನು ತೆಗೆದಳು. ಹಿತ್ತಾಳೆ, ತವರ, ಪೆಟ್ಟಿಗೆಯಲ್ಲಿ ಬರುವ ಫೋರ್ಕಿನಂಥ ಮಣ್ಣಿನ ಸೆನ್ಸರು, ಎಲ್ಲವೂ ಉಪ್ಪುನೀರಲ್ಲಿ ವಾರಕ್ಕೆ ಕರಗುವುದನ್ನು ಅವಳ ಡಬ್ಬಿಗಳು ಹೇಳಿದ್ದವು. ಮಸಿಕಡ್ಡಿಗೆ ತುಕ್ಕು ಇಲ್ಲ. ಎರಡು ಕಡ್ಡಿಯನ್ನು ಬೆರಳಗಲ ದೂರದಲ್ಲಿ ಪೈಪಿನ ತುಂಡಿಗೆ ಕೂರಿಸಿದರೆ ನೀರಿನ ಮೂಲಕ ಕರೆಂಟು ಹಾಯುತ್ತದೆ. ಉಪ್ಪು ಹೆಚ್ಚಿದಷ್ಟೂ ಹೆಚ್ಚು ಹಾಯುತ್ತದೆ.

ಪ್ರೇಕ್ಷಾ ತಾನಾಗಿ ಬಂದಳು. "ಮೌಶಿ, ಅವತ್ತು ನಾನು ಮಾತಾಡ್ಬೇಕಿತ್ತು."

"ಹೌದು, ಆಡ್ಬೇಕಿತ್ತು. ಈಗ ತಂತಿ ಹಿಡಿ."

ಬೋರ್ಡಿಗೆ ಪ್ರೋಗ್ರಾಮ್ ಬರೆಯುವ ಕೆಲಸ ಪ್ರೇಕ್ಷಾಳದು. ಯಾವಾಗಲೂ ಕರೆಂಟು ಬಿಡುವುದು ಬೇಡ, ನೋಡುವ ಗಳಿಗೆಗೆ ಮಾತ್ರ ಬಿಡು, ಒಮ್ಮೆ ಈ ಕಡ್ಡಿಯಿಂದ, ಒಮ್ಮೆ ಆ ಕಡ್ಡಿಯಿಂದ ಬಿಡು ಎಂದು ನಾಗಿ ಹೇಳಿದಳು. ಒಂದೇ ಕಡೆಯಿಂದ ಬಿಟ್ಟಾಗ ಕಡ್ಡಿಗೆ ಗುಳ್ಳೆ ಕಟ್ಟಿ ಲೆಕ್ಕ ಹಾರುವುದನ್ನು ಅವಳು ಲೋಟದಲ್ಲೇ ನೋಡಿದ್ದಳು. ಉಪ್ಪು ಹೆಚ್ಚಿದರೆ ಗಂಟೆ ಹೊಡೆಯಬೇಕು. ತಂತಿ ತುಂಡಾದರೆ, ಕಡ್ಡಿ ನೀರಿಂದ ಮೇಲೆ ಬಂದರೆ, ಏನೂ ಕೇಳದಿದ್ದರೆ, ಆಗಲೂ ಹಸಿರು ಅಲ್ಲ, ಗಂಟೆ. ಇದನ್ನು ಅವಳು ಮೂರು ಸಲ ಹೇಳಿದಳು.

ಭಾನುವಾರ ಇಬ್ಬರೂ ಬೊಮ್ಮುವಿನ ಅಂಗಳಕ್ಕೆ ಹೋದರು. ಐದು ಲೋಟ, ಒಂದಕ್ಕಿಂತ ಒಂದು ಹೆಚ್ಚು ಉಪ್ಪಿನ ನೀರು. ಕಣ್ಣಿಗೆ ಬಟ್ಟೆ ಕಟ್ಟಿ ಬೊಮ್ಮು ಒಂದೊಂದನ್ನೇ ಬಾಯಿಗೆ ಹಾಕಿ ಉಗುಳಿ ಸಾಲಿಗೆ ಇಟ್ಟ. ಯಂತ್ರವೂ ಸಾಲು ಹೇಳಿತು. ಮೂರು ಸರಿ ಹೊಂದಿದವು. ಎರಡು ಮಾತ್ರ ಹಿಂದುಮುಂದು.

"ಯಂತ್ರವೇ ಸರಿ ಇರ್ಬೇಕು ಮೌಶಿ," ಎಂದಳು ಪ್ರೇಕ್ಷಾ.

"ನನ್ನ ನಾಲ್ಗೆ ತಪ್ಪೂದಿಲ್ಲ," ಎಂದ ಬೊಮ್ಮು, ಕಣ್ಣಿನ ಬಟ್ಟೆ ಬಿಚ್ಚದೆ.

ನಾಗಿ ಎರಡೂ ಲೋಟ ಮುಟ್ಟಿ ನೋಡಿದಳು. ಒಂದು ಬಿಸಿಲಲ್ಲಿ ಇದ್ದು ಬೆಚ್ಚಗಾಗಿತ್ತು. ನೀರು ಬಿಸಿಯಾದರೆ ಕರೆಂಟು ಹೆಚ್ಚು ಹಾಯುತ್ತದೆ. ಯಂತ್ರ ಬಿಸಿಲನ್ನು ಉಪ್ಪೆಂದು ಎಣಿಸಿತ್ತು. ಕಡ್ಡಿಯ ಪಕ್ಕಕ್ಕೆ ಶಾಖ ನೋಡುವ, ಉಕ್ಕಿನ ಟೋಪಿಯ ಇನ್ನೊಂದು ಸೆನ್ಸರ್ ಕಟ್ಟಿದರು, ಲೆಕ್ಕ ತಿದ್ದಿದರು. ಆಮೇಲೆ ಸಾಲು ಹೊಂದಿತು, ಬೊಮ್ಮು ಇಟ್ಟಂತೆಯೇ. ಅವನು ಬಟ್ಟೆ ಬಿಚ್ಚಿ, "ಚೊಲೋ ಕಲ್ತದೆ," ಎಂದ, ಯಂತ್ರದ ಕಡೆ ನೋಡಿ. ಆ ಸಿಟ್ಟಿನ ನಂತರ ಅಣ್ಣ ತಂಗಿಯ ನಡುವೆ ಆದ ಮೊದಲ ಒಳ್ಳೆಯ ಮಾತು ಅದು.

ಸಮಿತಿಯ ಸಭೆ ಶಾಲೆಯ ಜಗುಲಿಯಲ್ಲಿ. ನಾಗಿ ಎಲ್ಲರ ಎದುರಿಗೇ ಲೋಟ ಇಟ್ಟಳು, ಬೊಮ್ಮು ರುಚಿ ನೋಡಿದ, ಯಂತ್ರ ಲೆಕ್ಕ ಹೇಳಿತು, ಹೊಂದಿತು. ತಂತಿ ಕಿತ್ತಳು, ಗಂಟೆ ಹೊಡೆದುಕೊಂಡಿತು. ಜನ ತಲೆದೂಗಿದರು. ತಿಮ್ಮುವಿನ ಮುಖ ಅರಳಿತು.

"ಭಾರೀ ಆಯ್ತು ನಾಗಿ. ಇದನ್ನೇ ಹಾಕ್ಬಿಡು. ಇನ್ನು ಕಾಲೇಜಿನವ್ರೂ ಬ್ಯಾಡ, ಬೊಮ್ಮುನೂ ಬ್ಯಾಡ."

ಅಣ್ಣನ ನಾಲಗೆ ಸರಿ ಎಂದು ತೋರಿಸಲು ಮಾಡಿದ ಯಂತ್ರ ಅವನನ್ನೇ ಎಬ್ಬಿಸಲು ಹೊರಟಿತ್ತು. ನಾಗಿ ಕಡ್ಡಿಗಳನ್ನು ಲೋಟದಿಂದ ತೆಗೆದು, ಸೆರಗಿಗೆ ಒರೆಸಿ, ಚೀಲಕ್ಕೆ ಹಾಕಿದಳು.

"ತಿಮ್ಮಣ್ಣ, ಈ ಕಡ್ಡಿಗೆ ವಾರಕ್ಕೆ ಪಾಚಿ ಹಿಡೀತದೆ, ತಿಂಗ್ಳಿಗೆ ಚಿಪ್ಪಿ ಕೂಡ್ತದೆ. ಯಾರು ಉಜ್ಜೂದು? ಗಂಟೆ ಹೊಡ್ಕಂಡ್ರೆ ಹಲಗೆ ಯಾರು ಇಳ್ಸೂದು, ನಿನ್ನ ಫೋನಾ? ಕಡ್ಡಿ ಸುಳ್ಳು ಹೇಳಿದ್ರೆ ನೀರು ಬಾಯಿಗೆ ಹಾಕಿ ನೋಡೂದು ಯಾರು? ಯಂತ್ರ ಬೇಕಾದ್ರೆ ಯಂತ್ರ ಕಾಯುವವ ಬೇಕು. ಅವ್ನಿಗೆ ಪಾಲು ಬೇಕು. ಮೊದ್ಲು ಹಿಂದಿನ ಆರು ಚೀಲ ಅಳೀರಿ. ಅಳ್ದ ದಿವ್ಸ ಕಡ್ಡಿ ನೀರಿಗೆ ಇಳೀತದೆ. ಅಲ್ಲೀವರೆಗೆ ನಮ್ಮನೆ ಮಾಡಿನ ಸಂದಿಯಲ್ಲಿ ಇರ್ತದೆ."

"ವಿಚಾರ ಮಾಡ್ವ," ಎಂದ ತಿಮ್ಮು.

"ವಿಚಾರ ಎಂತದು? ಕೈ ಎತ್ಸು."

ಜಗುಲಿಯಲ್ಲಿ ಇದ್ದ ಇಪ್ಪತ್ತೊಂದು ಮನೆಗಳಲ್ಲಿ ಹನ್ನೊಂದು ಕೈ ಎದ್ದವು. ಉಳಿದವರು ನೆಲ ನೋಡಿದರು. ಪಾಲಿರುವ ಮನೆ ನಲವತ್ತು, ಅರ್ಧಕ್ಕಿಂತ ಹೆಚ್ಚು ಬೇಕು ಎಂದು ತಿಮ್ಮು ಸಭೆ ಮುಗಿಸಿದ. ಬಾರದ ಹತ್ತೊಂಬತ್ತು ಮನೆಯವರು ಕಾರವಾರ, ಹುಬ್ಬಳ್ಳಿ, ಮುಂಬೈಯಲ್ಲಿ ಇದ್ದಾರೆ. ಗಜನಿಯ ಅಕ್ಕಿ ಚೀಲ ಮಾತ್ರ ಪ್ರತಿವರ್ಷ ಅಲ್ಲಿಗೆ ತಲುಪುತ್ತದೆ.

ಕರಟವೂ ಕಡ್ಡಿಯೂ ಈಗ ಒಂದೇ ಸಂದಿಯಲ್ಲಿ ಸಿಕ್ಕಿಸಿಕೊಂಡಿವೆ. ಮಳೆಗಾಲ ಮತ್ತೆ ಬರುತ್ತದೆ, ಮಳೆ ಮತ್ತೆ ನಿಲ್ಲುತ್ತದೆ, ಉಪ್ಪು ಮತ್ತೆ ತಳದಲ್ಲಿ ತೆವಳಿಕೊಂಡು ಬರುತ್ತದೆ.

ನೀವು ಆ ಹತ್ತೊಂಬತ್ತು ಮನೆಗಳಲ್ಲಿ ಒಬ್ಬರಾಗಿದ್ದರೆ ಬಸ್ಸು ಹತ್ತಿ ಬನ್ನಿ, ಮುಂದಿನ ಸಭೆಯಲ್ಲಿ ಕೈ ಎತ್ತಿ. ನೀವು ಬೆಂಚಿನ ಮೇಲೆ ಸೆನ್ಸರು ಹರವಿಕೊಂಡು ಕೂತವರಾಗಿದ್ದರೆ, ಆರಿಸುವ ಮೊದಲು ಆ ಕೆಲಸವನ್ನು ಇದುವರೆಗೆ ಯಾರು ಮಾಡುತ್ತಿದ್ದರು, ಅವರಿಗೆ ಸಲ್ಲಬೇಕಾದ್ದು ಸಂದಿದೆಯೇ ಎಂದು ಕೇಳಿ, ಉತ್ತರ ಸಿಗುವ ತನಕ ಒಂದು ತಂತಿಯನ್ನೂ ಮುಟ್ಟಬೇಡಿ. ಬೊಮ್ಮುವಿನ ಆರು ಚೀಲ ಅಳೆಯಿರಿ. ಆಮೇಲೆ ಯಂತ್ರದ ಮಾತಾಡೋಣ.